ಅಕ್ಕನ ಫೋನಿನಂಥದೇ ಫೋನು

ಮಕ್ಕಳೇ, ಈ ದೀಪಾವಳಿಗೆ ನೀವೆಲ್ಲ ಸೇರಿದ್ದಾಗ ನನ್ನನ್ನು ನಡುವೆ ಕೂರಿಸಿಕೊಂಡು, "ಅಜ್ಜಿ, ನಿಂಗೆ ಐಫೋನ್ ಇಷ್ಟಾನೋ ಆಂಡ್ರಾಯ್ಡ್ ಇಷ್ಟಾನೋ, ಒಂದು ಹೇಳು" ಎಂದು ಪೀಡಿಸಿದಿರಿ. ನಾನು ನಕ್ಕು ಅಡುಗೆಮನೆಗೆ ಎದ್ದುಹೋದೆ. ಅಜ್ಜಿಗೆ ಪ್ರಶ್ನೆ ಅರ್ಥವಾಗಲಿಲ್ಲ ಎಂದುಕೊಂಡಿರಬೇಕು. ಅರ್ಥವಾಗಿತ್ತು. ಸಿಟ್ಟು ಬಂದಿತ್ತು. ನಾಲ್ಕು ಜನರ ಮುಂದೆ ಸಿಟ್ಟನ್ನು ಮಾತಾಗಿ ಹೊರಗೆ ಹಾಕುವುದು ನನಗೆ ಈ ವಯಸ್ಸಿಗೂ ಬರಲಿಲ್ಲ. ಗಂಟಲ ತನಕ ಬಂದು ವಾಪಸು ಹೋಗುತ್ತದೆ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಚನ್ನಗಿರಿಯ ಮಗನ ಮಕ್ಕಳು ತಮ್ಮಪ್ಪನ ಪರ, ನ್ಯಾಮತಿಯ ಮಗಳ ಮಕ್ಕಳು ತಮ್ಮಪ್ಪನ ಪರ. ಮಗನದು ಐಫೋನ್, ಅಳಿಯನದು ಆಂಡ್ರಾಯ್ಡ್. ಹಬ್ಬಕ್ಕೆ ಸೇರಿದರೆ ಹೋಳಿಗೆಗಿಂತ ಮೊದಲು ಈ ಜಗಳ ಬಡಿಸಿರುತ್ತಾರೆ. ಅಡಿಕೆ ಮಂಡಿ ಇಟ್ಟಿರುವ ನನ್ನ ಮಗ, ಕೈಯಲ್ಲಿ ಯಾವ ಫೋನು ಇದೆ ಎಂದು ನೋಡಿಯೇ ಎದುರಿನವನು ಕುರ್ಚಿ ಕೊಡುತ್ತಾನೆ ಎಂದು ನಂಬಿದವನು. ಪೈಪು ಮೋಟಾರು ಮಾರುವ ಅಳಿಯ ಬಿಡುವುದಿಲ್ಲ. "ಭಾವ, ನಿಮ್ದು ಫೋನಲ್ಲ, ಮೂಗುತಿ. ತೋರಿಸಾಕೆ ಮಾತ್ರ" ಎನ್ನುತ್ತಾನೆ. "ನಿಮ್ದು ಸಂತೆ ಕತ್ತೆ ಕಣ್ರೀ, ಯಾರು ಬೇಕಾದ್ರೂ ಹತ್ತಿ ಇಳೀಬೌದು" ಎಂದು ಮಗ ತಿರುಗಿಸುತ್ತಾನೆ. ಎಲ್ಲರೂ ನಗುತ್ತಾರೆ. ಈ ನಗುವಿನ ನಡುವೆ ನಾನು ಆಯುಧಪೂಜೆಯಿಂದ ಈಚೆಗೆ ಏನು ಅನುಭವಿಸಿದೆ ಎಂಬುದು ನಿಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ನನ್ನ ಅಕ್ಕನನ್ನು ನೀವು ಮದುವೆಗಳಲ್ಲಿ ಮಾತ್ರ ನೋಡಿದ್ದೀರಿ. ನಾವಿಬ್ಬರೂ ಹೊನ್ನಾಳಿ ಕಡೆಯ ಹಳ್ಳಿಯಲ್ಲಿ ಹುಟ್ಟಿದವರು. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಅಕ್ಕ ಒಂದು ದಿನವೂ ಹೋಗಲಿಲ್ಲ. ಅವ್ವ ಹೊಲಕ್ಕೆ ಹೋದರೆ ನನ್ನನ್ನು ಎತ್ತಿಕೊಂಡು ತಿರುಗಲು ಒಬ್ಬರು ಬೇಕಿತ್ತು. ನನ್ನನ್ನು ಚನ್ನಗಿರಿಗೆ ಕೊಟ್ಟರು, ಅವಳನ್ನು ಜಗಳೂರಿನ ಆಚೆಯ ಹಳ್ಳಿಗೆ. ಇಬ್ಬರಿಗೂ ಈಗ ಗಂಡಂದಿರಿಲ್ಲ. ಅವಳ ಮಗ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಹೆಚ್ಚು ದಿನ ರಸ್ತೆಯ ಮೇಲಿರುತ್ತಾನೆ. ಮನೆಯಲ್ಲಿ ಅಕ್ಕ ಮತ್ತು ಸೊಸೆ.

ಅಕ್ಕನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಒಂದು ಮಾತ್ರೆ ಊಟಕ್ಕೆ ಮುಂಚೆ, ಒಂದು ಊಟವಾದ ಮೇಲೆ, ಇನ್ನೊಂದು ಅರ್ಧ ಮುರಿದು ರಾತ್ರಿಗೆ. ಆಸ್ಪತ್ರೆಯಲ್ಲಿ ಪ್ರತಿ ಸಲ ಒಂದೇ ಕಂಪನಿಯ ಮಾತ್ರೆ ಸಿಗುವುದಿಲ್ಲ. ಹೋದ ಸಲ ಕೆಂಪಗಿದ್ದ ಮಾತ್ರೆಯ ತಗಡಿನ ಪಟ್ಟಿ ಈ ಸಲ ಬೆಳ್ಳಗೆ ಬರುತ್ತದೆ. ಅಕ್ಷರ ಬಾರದವಳು ಬಣ್ಣ ನೆಚ್ಚಿಕೊಳ್ಳುವ ಹಾಗಿಲ್ಲ. ಓದಿ ಹೇಳಲು ಪಿಯುಸಿ ಮುಗಿಸಿದ ಸೊಸೆ ಮನೆಯಲ್ಲೇ ಇದ್ದಾಳೆ, ಆದರೆ ಅಕ್ಕ ಅವಳನ್ನು ಕೇಳುವುದಿಲ್ಲ. ಮಾತ್ರೆಗೆ ಸೊಸೆಯ ಮುಂದೆ ಕೈಚಾಚಿದರೆ ನಾಳೆ ಬೀಗದ ಕೈಗೂ ಚಾಚಬೇಕಾಗುತ್ತದೆ ಎಂಬುದು ಅವಳ ತರ್ಕ. ಅದಕ್ಕೇ ಪಟ್ಟಿಯ ಫೋಟೋ ತೆಗೆದು ನನಗೆ ಕಳಿಸುತ್ತಿದ್ದಳು. ನಾನು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ಓದಿ, ಯಾವುದು ಯಾವ ಹೊತ್ತಿಗೆ ಎಂದು ಹೇಳುತ್ತಿದ್ದೆ.

ಇದು ನಡೆಯುತ್ತಿದ್ದದ್ದು ನಮ್ಮಿಬ್ಬರ ಫೋನೂ ಒಂದೇ ಆಗಿದ್ದರಿಂದ. ಮೊದಲು ಅವಳಿಗೆ ಮಗ ಕೊಡಿಸಿದ. ಆಮೇಲೆ ನಾನು ಅಳಿಯನ ಹತ್ತಿರ ಅಂಥದೇ, ಅದೇ ಬಣ್ಣದ್ದು ತರಿಸಿಕೊಂಡೆ. ಪರದೆಯ ಮೇಲಿನ ಚಿತ್ರಗಳನ್ನೂ ಅವಳದರಲ್ಲಿ ಇದ್ದ ಸಾಲಿನಲ್ಲೇ ಜೋಡಿಸಿಕೊಂಡೆ. ಆ ಫೋನಿನ ತಳದಲ್ಲಿ ಮೂರು ಗುರುತುಗಳಿದ್ದವು. ಅವಕ್ಕೆ ನಾವು ಮನೆಯ ಹೆಸರುಗಳನ್ನೇ ಇಟ್ಟಿದ್ದೆವು. ಹಿಂದಕ್ಕೆ ಹೋಗುವ ಮುಕ್ಕೋನಕ್ಕೆ ಹಿತ್ತಿಲ ಬಾಗಿಲು, ನಡುವಿನ ದುಂಡಗಿನದಕ್ಕೆ ಪಡಸಾಲೆ, ಚೌಕಕ್ಕೆ ಅಟ್ಟ. ಫೋಟೋ ಕಳಿಸುವ ಬಾಣದ ಗುರುತಿಗೆ ಹಕ್ಕಿ. ಅಕ್ಕ ಎಲ್ಲಾದರೂ ದಾರಿ ತಪ್ಪಿದರೆ ಫೋನನ್ನು ಜೋರು ದನಿಗೆ ಹಾಕಿಸಿ, ನನ್ನ ಪರದೆ ನೋಡುತ್ತಾ ಅವಳನ್ನು ನಡೆಸುತ್ತಿದ್ದೆ. "ಎಲ್ಲಿದೀಯಕ್ಕ?" "ಯಾವ್ದೋ ಕೋಣೆಯಾಗೆ ಬಂದ್ಬಿಟ್ಟೀನಿ ಕಣೇ, ಬರೀ ಗಾಲಿ ಗಾಲಿ ಅವೆ." "ಹಿತ್ಲ ಬಾಗ್ಲು ಒತ್ತು. ಇನ್ನೊಂದ್ಸಲ ಒತ್ತು. ಪಡಸಾಲೆ ಬಂತಾ?" "ಬಂತು." ಹೀಗೆ. ಅವಳು ಮುಟ್ಟುತ್ತಿದ್ದದ್ದು ಜಗಳೂರಿನ ಫೋನು, ನಾನು ನೋಡುತ್ತಿದ್ದದ್ದು ಚನ್ನಗಿರಿಯದು, ಇಬ್ಬರೂ ಇದ್ದದ್ದು ಒಂದೇ ಮನೆಯಲ್ಲಿ.

ನನ್ನ ಸೊಸೆಯ ಕಣ್ಣಿಗೆ ನನ್ನ ಫೋನು ಮೊದಲಿನಿಂದಲೂ ಚುಚ್ಚುತ್ತಿತ್ತು. "ಅತ್ತೆ, ಮನೇರೆಲ್ಲ ಒಂದೇ ಫೋನ್ ಇಟ್ಕಂಡ್ರೆ ನೀವು ಎಲ್ಲಿದೀರ ಅಂತ ನಮಗೆ ಕಾಣ್ತೈತೆ" ಎನ್ನುತ್ತಿದ್ದಳು. ನಾನು ಎಲ್ಲಿರುತ್ತೇನೆ? ಅವಳ ಅಡುಗೆಮನೆಯಲ್ಲಿ. ಅದನ್ನು ನೋಡಲು ಅಷ್ಟು ದೊಡ್ಡ ಫೋನು ಯಾಕೆ ಬೇಕು ಎಂದು ಕೇಳಬೇಕೆನಿಸಿತ್ತು. ಕೇಳಲಿಲ್ಲ.

ಈ ಸಲದ ಆಯುಧಪೂಜೆ ಮಂಡಿಯಲ್ಲಿ ಜೋರಾಗಿಯೇ ಆಯಿತು. ತಕ್ಕಡಿ, ಚೀಲ ಹೊಲಿಯುವ ದಬ್ಬಣ, ಗೋದಾಮಿನ ಬೀಗ, ವಾಹನಗಳು, ಎಲ್ಲಕ್ಕೂ ವಿಭೂತಿ ಬಳಿದು ಕುಂಕುಮ ಇಟ್ಟು ಹೂವು ಮುಡಿಸಿದ್ದರು. ಮನೆಯವರ ಫೋನುಗಳನ್ನೂ ಮಣೆಯ ಮೇಲೆ ಸಾಲಾಗಿ ಇಡಿಸಿದರು. ನನ್ನದೂ ಇತ್ತು. ಪೂಜೆ ಇನ್ನೂ ನಡೆಯುತ್ತಿರುವಾಗ ಸೇವಂತಿಗೆಯ ಕೆಳಗೆ ನನ್ನ ಫೋನು ಅಲುಗಾಡತೊಡಗಿತು. ಆ ಹೊತ್ತಿಗೆ ನನಗೆ ಕರೆ ಮಾಡುವವಳು ಅಕ್ಕ ಒಬ್ಬಳೇ. ಹಿಂದಿನ ದಿನ ಆಸ್ಪತ್ರೆಯಿಂದ ಹೊಸ ಪಟ್ಟಿ ತಂದಿದ್ದಾಳೆಂದು ಗೊತ್ತಿತ್ತು. ನಾನು ಎದ್ದೆ.

"ಪೂಜೆಗಿಟ್ಟಿದ್ದನ್ನ ಕದಲಿಸಬಾರ್ದವ್ವ, ಕೂತ್ಕ" ಎಂದ ಮಗ.

ಕೂತೆ. ಸ್ವಲ್ಪ ಹೊತ್ತಿಗೆ ಅವನದೇ ಫೋನು ಬಡಿದುಕೊಂಡಿತು. ಹೂವು ಸರಿಸಿ ಎತ್ತಿಕೊಂಡು, ರೇಟು ಮಾತಾಡುತ್ತಾ ಬಾಗಿಲಾಚೆ ಹೋದ. ಯಾರೂ ಏನೂ ಅನ್ನಲಿಲ್ಲ. ವ್ಯಾಪಾರದ ಕರೆಗೆ ದೇವರು ದಾರಿ ಬಿಡುತ್ತಾನೆ, ಅಕ್ಕತಂಗಿಯರ ಕರೆಗೆ ಬಿಡುವುದಿಲ್ಲ.

ಮಂಗಳಾರತಿ ಆದ ಮೇಲೆ ಮಗ ಮಣೆಯ ಮೇಲಿಂದ ಒಂದು ಐಫೋನ್ ಎತ್ತಿ, ಬಂದಿದ್ದ ವ್ಯಾಪಾರಸ್ಥರೆಲ್ಲ ನೋಡುವಂತೆ ಹಿಡಿದು, "ಅವ್ವಂಗೆ ಇವತ್ತಿಂದ ಪ್ರಮೋಷನ್" ಎಂದ. ಅದು ಅವನ ಹಳೆಯದು. ಅವನು ಅದಕ್ಕಿಂತ ಹೊಸದನ್ನು ಕೊಂಡಿದ್ದ. ನನ್ನ ಕೈಗೆ ಬರುವ ಮುಂಚೆ ಸೊಸೆ ಅದನ್ನು ತೆಗೆದುಕೊಂಡು, ಸೆರಗಿನ ತುದಿಯಿಂದ ಕುಂಕುಮವನ್ನು ಒರೆಸಿದಳು. ವಿಭೂತಿಯನ್ನು ಹಾಗೇ ಬಿಟ್ಟಳು. ಗಂಡ ಇಲ್ಲದವಳ ಫೋನಿಗೂ ಕುಂಕುಮ ಇರಬಾರದೆಂದು ಅವಳಿಗೆ ಆ ಗದ್ದಲದಲ್ಲೂ ನೆನಪಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ತೆಗೆದುಕೊಂಡೆ.

ಪ್ರಸಾದ ಹಂಚಿ ಮುಗಿದ ಮೇಲೆ ನನ್ನ ಫೋನು ಎಲ್ಲಿ ಎಂದು ನೋಡಿದರೆ ಮಣೆಯ ಮೇಲೆ ಇಲ್ಲ. ಮಗ ಅಷ್ಟರಲ್ಲೇ ಅದರ ಸಿಮ್ ತೆಗೆದು, ಒಳಗಿದ್ದದ್ದನ್ನೆಲ್ಲ ಅಳಿಸಿ, ಹೊಸ ಬಟ್ಟೆಯ ಜೊತೆ ಗೋದಾಮಿನ ಹಮಾಲಿಗೆ ಹಬ್ಬದ ಉಡುಗೊರೆಯಾಗಿ ಕೊಟ್ಟಿದ್ದ. ಆ ಮನುಷ್ಯ ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಇಟ್ಟುಕೊಂಡ. ನನ್ನನ್ನು ಒಂದು ಮಾತು ಕೇಳಿದವರಿಲ್ಲ.

ಸಂಜೆ ಅಕ್ಕನಿಗೆ ನಾನೇ ಕರೆ ಮಾಡಿದೆ. ತನ್ನ ಸೊಸೆ ಹಬ್ಬಕ್ಕೆಂದು ತವರಿಗೆ ಹೋಗಿದ್ದಾಳೆ, ಪಟ್ಟಿಗಳೆಲ್ಲ ಈ ಸಲ ಬೆಳ್ಳಗೇ ಇವೆ, ಫೋಟೋ ತೆಗೆದಿದ್ದೇನೆ, ಹೋಗುತ್ತಿಲ್ಲ ಎಂದಳು. ನಾನು ಫೋನು ಮುಂದೆ ಹಿಡಿದೆ. ತಳದಲ್ಲಿ ಮೂರು ಗುರುತುಗಳಿಲ್ಲ. ಚಿತ್ರಗಳ ಸಾಲೇ ಬೇರೆ. ಪಕ್ಕದ ಮನೆಗೆ ಹೋಗಿ ನಮ್ಮ ಮನೆಯ ಉಪ್ಪಿನ ಡಬ್ಬಿ ಹುಡುಕಿದ ಹಾಗಾಯಿತು.

"ಹಿತ್ಲ ಬಾಗ್ಲು ಒತ್ಲಾ?" ಎಂದಳು.

"ಒತ್ತಿ ನೋಡು."

"ನೀನು ನೋಡ್ತಿಲ್ವೇನೇ?"

"ನನ್ನದ್ರಾಗೆ ಆ ಬಾಗ್ಲು ಇಲ್ಲ ಕಣಕ್ಕ. ಫೋನು ಬದ್ಲಾಗೈತೆ. ನೆನಪಿನ ಮೇಲೆ ಹೇಳ್ತೀನಿ, ನೀನು ಹಕ್ಕಿ ಎಲ್ಲೈತೆ ನೋಡು."

ಅವಳು ಎಲ್ಲೆಲ್ಲೋ ಒತ್ತಿದಳು, ಮೇಲಿಂದ ಏನೋ ಎಳೆದೆ ಎಂದಳು. "ಸಿಕ್ತು. ಹಕ್ಕಿ ಸಿಕ್ತು" ಎಂದಳು.

"ಒತ್ತು ಮತ್ತೆ" ಎಂದೆ.

ಒತ್ತಿದಳು. ಕರೆ ಕಡಿಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್ ಎಂದೇ ಬಂತು. ಆಮೇಲೆ ಗೊತ್ತಾಯಿತು, ಅವಳು ಒತ್ತಿದ್ದು ಫೋಟೋ ಕಳಿಸುವ ಬಾಣವನ್ನಲ್ಲ, ಎಲ್ಲ ಸಂಪರ್ಕವನ್ನೂ ನಿಲ್ಲಿಸಿಬಿಡುವ ವಿಮಾನದ ಗುರುತನ್ನು. ನನ್ನ ಹಳೆಯ ಫೋನು ಕೈಯಲ್ಲಿದ್ದಿದ್ದರೆ, ಅವಳು ಮೇಲಿನಿಂದ ಪರದೆ ಎಳೆದಾಗಲೇ ನಾನೂ ಎಳೆದು ನೋಡಿ, ಬೇಡ ಎನ್ನುತ್ತಿದ್ದೆ.

ಮರುದಿನವೂ ಸ್ವಿಚ್ ಆಫ್. ಲಾರಿಯಲ್ಲಿದ್ದ ಅವಳ ಮಗನಿಗೆ ಮಾಡಿದೆ. ಅವನು ಪಕ್ಕದ ಮನೆಯವರಿಗೆ ಹೇಳಿ ನೋಡಿಸಿ, "ಚೆನ್ನಾಗವ್ಳಂತೆ ಚಿಗವ್ವ, ಫೋನ್ ಕೆಟ್ಟೈತಂತೆ, ನಾನು ಬಂದಾಗ ನೋಡ್ತೀನಿ" ಎಂದ.

"ಮಾತ್ರೆ?"

"ನುಂಗ್ತವ್ಳಂತೆ."

ಯಾವುದನ್ನು ಯಾವಾಗ ನುಂಗುತ್ತಿದ್ದಾಳೆ ಎಂದು ಅವನನ್ನು ಕೇಳಿ ಏನು ಪ್ರಯೋಜನ? ಅವನು ಎಲ್ಲೋ ಘಾಟಿಯಲ್ಲಿದ್ದ.

ನನ್ನ ಮಗ ಊಟಕ್ಕೆ ಕೂತಾಗ ಹೇಳಿದೆ. "ನನ್ನ ಹಳೇ ಫೋನು ಬೇಕು."

"ಹಬ್ಬದ ದಿನ ಕೊಟ್ಟಿದ್ದನ್ನ ವಾಪಸ್ ಕೇಳಾಕಾಗ್ತೈತೇನವ್ವ? ಏನಂದ್ಕತಾನೆ ಅವನು?"

ಅದು ನಿಜ, ಕೇಳುವ ಹಾಗಿರಲಿಲ್ಲ. ಅಕ್ಕನ ಮಾತ್ರೆಯ ವಿಷಯ ಹೇಳಿದೆ. "ಅಷ್ಟೇನಾ? ದೊಡ್ಡವ್ವಂಗೂ ಒಂದು ಐಫೋನ್ ಕಳಿಸನ ಬಿಡು. ಇನ್ನೊಂದು ಹಳೇದು ಬಿದ್ದೈತೆ" ಎಂದ. ಅಕ್ಷರವಿಲ್ಲದ ಹೆಂಗಸು ವರ್ಷಗಟ್ಟಲೆ ಬೆರಳಿನಲ್ಲಿ ಕಲಿತ ಮನೆಯನ್ನು ಕೆಡವಿ ಹೊಸದಾಗಿ ಕಲಿಯಬೇಕಂತೆ, ಇವನ ಹತ್ತಿರ ಒಂದು ಹಳೆಯ ಫೋನು ಬಿದ್ದಿದೆ ಎಂದು. ಸೊಸೆ ಒಳಗಿನಿಂದ, "ಜಗಳೂರು ಕಡೆ ಐಫೋನ್ ಹಿಡ್ಕಂಡು ಕಡ್ಲೇಕಾಯಿ ಬಿಡಿಸ್ತಾರೆ ದೊಡ್ಡತ್ತೆ" ಎಂದು ನಕ್ಕಳು. ಮಗನೂ ನಕ್ಕ.

ನಾನು ಐಫೋನನ್ನು ತೆಗೆದುಕೊಂಡು ಹೋಗಿ ದೇವರ ಗೂಡಿನಲ್ಲಿ ಇಟ್ಟುಬಂದೆ. ಸಿಮ್ ಅನ್ನು ಅದಕ್ಕೆ ಮೊದಲೇ ಸೊಸೆಯ ಕೈಯಿಂದಲೇ ತೆಗೆಸಿಕೊಂಡಿದ್ದೆ. "ಇದೇನವ್ವ?" ಎಂದ ಮಗ.

"ಪೂಜೆಗಿಟ್ಟಿದ್ದನ್ನ ಕದಲಿಸಬಾರ್ದು ಅಂದ್ಯಲ್ಲ. ಅಲ್ಲೇ ಇರ್ಲಿ."

ನನ್ನ ಬಾಯಿಂದ ಇಂಥ ಮಾತು ಅವನು ಕೇಳಿರಲಿಲ್ಲ. ಕೈತೊಳೆದು ಎದ್ದುಹೋದ.

ಸುದ್ದಿ ನ್ಯಾಮತಿಗೆ ಮುಟ್ಟಲು ಹೊತ್ತಾಗಲಿಲ್ಲ. ಅಳಿಯ ಎಲೆಕ್ಷನ್ ಗೆದ್ದವನಂತೆ ಬಂದು, "ಅತ್ತೆ, ನೀವು ಯಾವತ್ತಿದ್ರೂ ನಮ್ಮ ಪಾರ್ಟಿ" ಎಂದು ನನ್ನನ್ನು ಕರೆದುಕೊಂಡು ಹೋದ. ಇವನಾದರೂ ಕೇಳಿಸಿಕೊಳ್ಳುತ್ತಾನೆ ಎಂದುಕೊಂಡೆ. ನ್ಯಾಮತಿಯ ಫೋನಿನ ಅಂಗಡಿಯಲ್ಲಿ ನಾನು ಕೇಳಿದ್ದು ಒಂದೇ: ತಳದಲ್ಲಿ ಆ ಮೂರು ಗುರುತುಗಳಿರಬೇಕು.

"ಅದೆಲ್ಲ ಹಳೇ ಕಾಲದ್ದು ಅತ್ತೆ. ಈಗ ಬೆರಳು ಹಿಂಗೆ ಎಳೆದ್ರೆ ಹಿಂದಕ್ಕೆ ಹೋಗ್ತೈತೆ."

"ಅಕ್ಕನದ್ರಾಗೆ ಅವು ಅವೆ."

"ದೊಡ್ಡತ್ತೆದು ಬಿಡ್ರಿ. ಇದ್ರ ಕ್ಯಾಮೆರಾ ನೋಡ್ರಿ, ಭಾವನ ಐಫೋನಿನ ಅಪ್ಪ."

ಅರ್ಧ ತಾಸು ಅಂಗಡಿಯವನೂ ಅವನೂ ಸೇರಿ ನನ್ನ ಮಗನನ್ನು ಸೋಲಿಸಿದರು. ಎಲ್ಲ ಆದ ಮೇಲೆ ಆ ಫೋನನ್ನು ನನ್ನ ಕೈಯಲ್ಲಿ ಹಿಡಿಸಿ ಫೋಟೋ ತೆಗೆದು, 'ಅತ್ತೆ ಸ್ವಂತ ಮನೆಗೆ ವಾಪಸ್' ಎಂದು ಬರೆದು ಮನೆಯವರ ಗುಂಪಿಗೆ ಹಾಕಿದ. ನೀವೆಲ್ಲ ಅದಕ್ಕೆ ನಗುವ ಮುಖಗಳನ್ನು ಹಾಕಿದಿರಿ. ಆ ಚಿತ್ರದಲ್ಲಿ ನನ್ನ ಮುಖ ನೋಡಿದವರು ಯಾರಾದರೂ ಇದ್ದರೆ ಹೇಳಿ. ಎರಡು ಊರಿನವರು ಕಿತ್ತಾಡುವಾಗ ನಡುವಿನ ಗಡಿಕಲ್ಲನ್ನು ಇವರು ಒಮ್ಮೆ ಅತ್ತ ನೆಡುತ್ತಾರೆ, ಅವರು ಒಮ್ಮೆ ಇತ್ತ ನೆಡುತ್ತಾರೆ. ಕಲ್ಲಿಗೆ ಎಲ್ಲಿರಬೇಕೆಂದು ಯಾರು ಕೇಳುತ್ತಾರೆ? ನನಗೆ ಆ ದಿನ ಮಗನ ಮೇಲಿನಷ್ಟೇ ಸಿಟ್ಟು ಅಳಿಯನ ಮೇಲೂ ಬಂತು. ಮಗ ಕೇಳದೆ ಕಿತ್ತುಕೊಂಡ. ಇವನು ಕೇಳಿಸಿಕೊಂಡಂತೆ ನಟಿಸಿ ತನ್ನದನ್ನೇ ಕೊಟ್ಟ. ಇದೇ ಹೆಚ್ಚು ಕೆಟ್ಟದ್ದು ಎಂದು ಈಗಲೂ ಅನ್ನಿಸುತ್ತದೆ.

ಮಾರನೆಯ ಬೆಳಿಗ್ಗೆ ಮಗಳಿಗೆ ಮಾತ್ರ ಹೇಳಿ ಬಸ್ಸು ಹತ್ತಿದೆ. ಹೊನ್ನಾಳಿಯಲ್ಲಿ ಇಳಿದು ದಾವಣಗೆರೆಯ ಬಸ್ಸು, ಅಲ್ಲಿಂದ ಜಗಳೂರಿನದು. ಒಬ್ಬಳೇ ಅಷ್ಟು ದೂರ ಹೋದವಳಲ್ಲ. ಕಂಡಕ್ಟರನ್ನು ಊರು ಬಂತೇ ಎಂದು ಕೇಳಲು ನಾಚಿಕೆಯಾಗಿ, ಕಿಟಕಿಯಿಂದ ಬೋರ್ಡುಗಳನ್ನು ಓದುತ್ತಾ ಕೂತೆ. ದಾರಿಯುದ್ದಕ್ಕೂ ಮಗನ ಕರೆಗಳು ಬರುತ್ತಿದ್ದವು. ಹೊಸ ಫೋನಿನಲ್ಲಿ ಎತ್ತುವುದು ಹೇಗೆಂದು ಅಷ್ಟರಲ್ಲಿ ಗೊತ್ತಾಗಿತ್ತು. ಎತ್ತಲಿಲ್ಲ.

ಅಕ್ಕ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಏಳಲಿಲ್ಲ.

"ಬಂದ್ಯಾ? ದೊಡ್ಡ ಫೋನು ತಗಂಡ ಮೇಲೆ ನಾವು ಕಣ್ಣಿಗೆ ಕಾಣಲ್ಲ ಅಂದ್ಕಂಡಿದ್ದೆ" ಎಂದಳು.

"ನಾನು ಕಟ್ ಮಾಡಿದ್ದಲ್ಲಕ್ಕ."

"ನೀನೇ ಅಲ್ವಾ ಒತ್ತು ಅಂದಿದ್ದು? ಒತ್ತಿದೆ. ನೀನು ಹೋದೆ."

ಅಷ್ಟರಲ್ಲಿ ಅವಳ ಸೊಸೆ ಒಳಗಿನಿಂದ ಬಂದಳು. ಹಿಂದಿನ ದಿನವಷ್ಟೇ ತವರಿನಿಂದ ಮರಳಿದ್ದಳು. ನೀರು ಕೊಟ್ಟಳು, ಕೂರಲು ಹೇಳಿದಳು, ಆಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಸಣ್ಣತ್ತೆ, ನಾ ಬಂದಾಗ ಇವರು ತಲೆ ತಿರುಗಿ ಇಲ್ಲೇ ಬಿದ್ಕಂಡಿದ್ರು. ಸಕ್ರೆ ಮಾತ್ರೆ ಎರಡೆರಡು ನುಂಗ್ಯಾರೆ. ಬಿಪಿದು ಮುಟ್ಟೇ ಇಲ್ಲ. ರಾತ್ರಿನೇ ಡಾಕ್ಟ್ರ ಹತ್ರ ಕರ್ಕಂಡು ಹೋಗಿ ಬಂದೆ."

ಅಕ್ಕ ಬೇರೆ ಕಡೆ ನೋಡುತ್ತಿದ್ದಳು.

"ನೀವು ಚನ್ನಗಿರಿಯಾಗೆ ಕೂತು ಇಲ್ಲಿನ ಮಾತ್ರೆ ಓದ್ತೀರಿ" ಎಂದಳು ಸೊಸೆ. "ಒಲೆ ಮುಂದೆ ನಿಂತಿರೋ ನಾನು ಕುರ್ಡೀನಾ? ಇವರ ಫೋನು ಟಣ್ ಅಂದಾಗೆಲ್ಲ ನಂಗೆ ಗೊತ್ತಾಗ್ತೈತೆ, ನನ್ನ ಬಿಟ್ಟು ಮಾತ್ರೆ ನುಂಗಾಕೆ ನಡ್ದೈತೆ ಅಂತ."

ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೂ ಅದನ್ನು ಒಪ್ಪಿಕೊಳ್ಳುವಷ್ಟು ಒಳ್ಳೆಯ ಮನಸ್ಸು ನನಗೆ ಆ ಗಳಿಗೆಯಲ್ಲಿ ಬರಲಿಲ್ಲ. ಅವಳು ಕೈ ನೀಡಿ ಇಬ್ಬರ ಫೋನನ್ನೂ ಇಸಿದುಕೊಂಡಳು. ಅಕ್ಕನದರಲ್ಲಿ ವಿಮಾನದ ಗುರುತನ್ನು ಒತ್ತಿ ಜೀವ ಬರಿಸಿದಳು. ನನ್ನದನ್ನು ತಿರುಗಿಸಿ ನೋಡಿ, "ಇದಕ್ಕೇನಾಗೈತೆ?" ಎಂದಳು. ಮೂರು ಗುರುತುಗಳಿಲ್ಲ ಎಂದೆ. ಸೆಟ್ಟಿಂಗಿನೊಳಗೆ ಹೋಗಿ ಎಲ್ಲೋ ಮುಟ್ಟಿದಳು. ತಳದಲ್ಲಿ ಮೂರೂ ಬಂದವು. ಚಿತ್ರಗಳನ್ನೂ ಅಕ್ಕನ ಫೋನನ್ನು ಪಕ್ಕಕ್ಕೆ ಇಟ್ಟುಕೊಂಡು ಅದೇ ಸಾಲಿಗೆ ಎಳೆದೆಳೆದು ಕೂರಿಸಿದಳು. ಅಳಿಯನನ್ನು ನಾನು ಕೇಳಿದ್ದು ಇಷ್ಟೇ ಆಗಿತ್ತು.

"ಫೋನು ಸರಿ ಮಾಡೀನಿ. ಮಾತ್ರೆ ಮಾತ್ರ ಇನ್ಮೇಲೆ ನಾನೇ ಕೊಡೋದು" ಎಂದು ಎರಡನ್ನೂ ನಮ್ಮ ಮುಂದೆ ಇಟ್ಟಳು.

"ನೀ ಕೊಟ್ರೆ ನಾ ನುಂಗಲ್ಲ" ಎಂದಳು ಅಕ್ಕ.

"ಯಾಕ್ರೀ, ವಿಷ ಹಾಕ್ತೀನಾ?"

"ವಿಷ ಅಂತ ಯಾರಂದ್ರು? ನೀನು ಮಾತ್ರೆ ಹೆಸ್ರು ಹೇಳಿ ಪಾತ್ರೆ ತೊಳೆಯಾಕೆ ಹೋಗ್ತೀಯ. ಅವಳು ಹೆಸ್ರು ಹೇಳಿ, ಕಷ್ಟ ಸುಖ ಮಾತಾಡಿ ಇಡ್ತಾಳೆ."

"ಮಾತಾಡಾಕೆ ಮಾತ್ರೆ ಯಾಕ್ರೀ ಬೇಕು? ಸುಮ್ನೆ ಫೋನ್ ಮಾಡಿ ಮಾತಾಡ್ರಿ."

"ಸುಮ್ ಸುಮ್ನೆ ಫೋನ್ ಮಾಡಾಕೆ ನಾವೇನು ಕಾಲೇಜು ಹುಡುಗೀರೇನೇ?" ಎಂದಳು ಅಕ್ಕ. ಸೊಸೆ ನನ್ನ ಕಡೆ ನೋಡಿದಳು. ನಾನೂ ಅಕ್ಕನ ಕಡೆಯೇ ಎಂದು ಅವಳಿಗೆ ಮುಖದಲ್ಲೇ ಕಂಡಿರಬೇಕು. ನಾವು ಬೆಳೆದ ಮನೆಯಲ್ಲಿ ಕೆಲಸವಿಲ್ಲದೆ ಮಾತಾಡುತ್ತಾ ನಿಂತರೆ ಅವ್ವ ಕೈಗೆ ಕಸಬರಿಗೆ ಕೊಡುತ್ತಿದ್ದಳು. ಅಕ್ಕ ಕರೆ ಮಾಡಲು, ನಾನು ಎತ್ತಲು, ಒಂದು ಕೆಲಸ ಬೇಕೇ ಬೇಕು.

ಎರಡು ದಿನ ಇದ್ದು ಬಂದೆ. ಹಿಂತಿರುಗಿದಾಗ ನನ್ನ ಕೈಯಲ್ಲಿದ್ದ ಫೋನು ನೋಡಿ ಮಗ ಮುಖ ತಿರುಗಿಸಿದ. ಅಳಿಯನ ಕೈಯಿಂದ ತೆಗೆದುಕೊಂಡೆ ಎಂಬ ಸಿಟ್ಟು. ಈಗಲೂ ಅಗತ್ಯವಿದ್ದಷ್ಟೇ ಮಾತಾಡುತ್ತಾನೆ. ಮುನಿಸಿಕೊಳ್ಳಲಿ. ಅಳಿಯನಿಗೆ ಹಳೆಯ ಗುರುತುಗಳು ಕಣ್ಣಿಗೆ ಬಿದ್ದು, "ಅತ್ತೆ, ಒಳ್ಳೇ ಫೋನನ್ನ ಎತ್ತಿನ ಗಾಡಿ ಮಾಡ್ಕಂಡೀರಲ್ಲ" ಎಂದ. ಅವನಿಗೂ ಸಮಾಧಾನವಿಲ್ಲ. ಇಬ್ಬರನ್ನೂ ಒಂದೇ ಸಲ ಕೆರಳಿಸಿದ್ದೇನೆ ಎಂದು ನನಗೆ ಒಳಗೊಳಗೆ ಸ್ವಲ್ಪ ಹಿತವಾಗಿದೆ.

ನಿಮ್ಮ ಪ್ರಶ್ನೆಗೆ ಉತ್ತರ ಇದು. ನನಗೆ ಎರಡೂ ಕಂಪನಿಯವರು ಬೇಡ. ಅಕ್ಕನ ಹತ್ತಿರ ಯಾವುದಿದೆಯೋ ಅದು ಬೇಕು. ನಾಳೆ ಅವಳ ಮಗ ಅವಳಿಗೆ ಐಫೋನ್ ಕೊಡಿಸಿ, ಅವಳು ಅದನ್ನು ಕಲಿತರೆ, ನಾನು ದೇವರ ಗೂಡಿಗೆ ಹೋಗಿ ಎತ್ತಿಕೊಳ್ಳುತ್ತೇನೆ. ಅಲ್ಲಿಯವರೆಗೆ ನನ್ನನ್ನು ನಿಮ್ಮ ಯಾವ ಕಡೆಗೂ ಎಣಿಸಬೇಡಿ, ಕೈಯಲ್ಲಿ ಏನೋ ಹಿಡಿಸಿ ಫೋಟೋ ತೆಗೆಯಬೇಡಿ.

ಜಗಳೂರಿನ ಮನೆಯಲ್ಲಿ ಮಾತ್ರೆ ಕೊಡುವವಳು ಈಗ ಸೊಸೆಯೇ. ಅಕ್ಕ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಂದು, ಪಟ್ಟಿಯ ಫೋಟೋ ತೆಗೆದು, ನನಗೆ ಕರೆ ಮಾಡುತ್ತಾಳೆ. ನಾನು ಓದುವ ಮೊದಲೇ ಸೊಸೆ ಹಿಂದಿನಿಂದ ಅದರ ಹೆಸರನ್ನು ಗಟ್ಟಿಯಾಗಿ ಕೂಗುತ್ತಾಳೆ, ನಮಗೆ ಕೇಳಲಿ ಎಂದೇ. ನಾನು ಕೇಳಿಸದವಳಂತೆ, "ಸರಿಯಾಗಿ ಕಾಣ್ತಿಲ್ಲಕ್ಕ, ಇನ್ನೊಂದು ಫೋಟೋ ಕಳ್ಸು" ಎನ್ನುತ್ತೇನೆ.